ಗ್ರೆನೆಲ್ ಬೀದಿಯಲ್ಲಿದ್ದ ವೆಲ್ ದಿವ್

ಸೋಮವಾರ

ಪ್ಯಾರಿಸ್ ಮೆಟ್ರೋದ ಆರನೇ ಲೈನು ಪಾಸಿ ಸ್ಟೇಷನ್ ಬಿಟ್ಟು ಸೇನ್ ನದಿ ದಾಟುವಾಗ ಬೋಗಿಯಲ್ಲಿದ್ದವರೆಲ್ಲ ಎಡಗಡೆಯ ಕಿಟಕಿಗೆ ಮುಗಿಬೀಳುತ್ತಾರೆ. ಐಫೆಲ್ ಗೋಪುರ ಬುಡದಿಂದ ತುದಿಯವರೆಗೆ ಕಾಣುವುದು ಅಲ್ಲಿಂದ. ಸೇತುವೆ ಮುಗಿಯುತ್ತಿದ್ದಂತೆ ಬೀರ್-ಹಕೀಮ್ ಸ್ಟೇಷನ್. ಇಳಿದವರು ಹೆಚ್ಚುಕಡಿಮೆ ಎಲ್ಲರೂ ಗೋಪುರದ ದಾರಿ ಹಿಡಿದರು. ನಾನು ಮತ್ತು ಅಕ್ಕನ ಮಗ ಗ್ರೆನೆಲ್ ಬೀದಿಯ ಆಚೆ ಬದಿಗೆ ದಾಟಿದೆವು. ನಾವು ನೋಡಲು ಬಂದ ಕಟ್ಟಡ ಅಲ್ಲಿತ್ತು. 1959ರಲ್ಲಿ ಅದನ್ನು ಕೆಡವಿದ್ದಾರೆ.

ಪೂರ್ತಿ ಹೆಸರು ವೆಲೊದ್ರೋಮ್ ದಿವೇರ್, ಅಂದರೆ ಚಳಿಗಾಲದ ಸೈಕಲ್ ಕ್ರೀಡಾಂಗಣ. ಪ್ಯಾರಿಸಿನ ಜನರ ಬಾಯಲ್ಲಿ ಅದು ವೆಲ್ ದಿವ್. ಹಳೆಯ ಕ್ರೀಡಾಂಗಣಗಳ ಹುಚ್ಚು ನನಗೆ ಮೊದಲಿನಿಂದ ಇದೆ. ಯಾವ ಊರಿಗೆ ಹೋದರೂ ಗುಡಿ, ಅರಮನೆ ನೋಡಿದ ಮೇಲೆ ಗ್ಯಾಲರಿ ಇರುವ ಜಾಗ ಹುಡುಕುತ್ತೇನೆ. ಅಕ್ಕನ ಮಗ ಇಲ್ಲೇ ಓದುತ್ತಿದ್ದಾನೆ, ಸೈಕಲ್ ರೇಸಿನ ವಿಷಯ ನನಗಿಂತ ಹೆಚ್ಚು ತಿಳಿದವನು. ಫ್ರೆಂಚ್ ಓದಿ ಹೇಳುವುದಕ್ಕೂ ಅವನೇ ದಿಕ್ಕು.

"ನೋಡಿ ಚಿಕ್ಕಮ್ಮ, ಇಲ್ಲಿಂದ ಆ ಮೂಲೆವರೆಗೂ ಮೈದಾನವೇ ಇತ್ತು" ಅಂತ ಅವನು ಕೈ ಬೀಸಿ ತೋರಿಸಿದ. ಗ್ರೆನೆಲ್ ಬೀದಿ ಮತ್ತು ನೆಲಾತೋ ರಸ್ತೆ ಸೇರುವ ಆ ಮೂಲೆಯಲ್ಲಿ ಈಗ ವಸತಿ ಕಟ್ಟಡಗಳು, ಕಚೇರಿಗಳು. ಬೀದಿಯ ನಡುವೆ ಕಬ್ಬಿಣದ ಕಂಬಗಳ ಮೇಲೆ ಮೆಟ್ರೋ ಹಳಿ. ನಾಲ್ಕೈದು ನಿಮಿಷಕ್ಕೊಮ್ಮೆ ರೈಲು ತಲೆಯ ಮೇಲೆ ಗಡಗಡಿಸಿ ಹೋಗುತ್ತದೆ, ಅಷ್ಟು ಹೊತ್ತು ಮಾತು ನಿಲ್ಲಿಸಬೇಕು. ಮೈದಾನಕ್ಕೆ ಬರುತ್ತಿದ್ದವರೂ ಇದೇ ಹಳಿಯ ಕೆಳಗೆ ಟಿಕೆಟಿಗೆ ಸಾಲು ನಿಂತಿದ್ದವರು. ಆ ಕಾಲದಿಂದ ಉಳಿದಿರುವುದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಈ ಹಳಿ ಮತ್ತು ಅದರ ಕಂಬಗಳು ಮಾತ್ರ.

ಕಥೆ ಶುರುವಾಗುವುದು ಇಲ್ಲಿಂದ ಸ್ವಲ್ಪ ದೂರದ ಷಾಂ ದ ಮಾರ್ ಬಯಲಿನಲ್ಲಿ. 1889ರ ಜಾಗತಿಕ ಪ್ರದರ್ಶನಕ್ಕೆಂದು ಐಫೆಲ್ ಗೋಪುರದ ಜೊತೆಗೇ ಯಂತ್ರಗಳ ಭವನ ಒಂದನ್ನು ಕಟ್ಟಿದ್ದರು. ನಾನೂರು ಮೀಟರಿಗೂ ಮಿಕ್ಕಿದ ಉದ್ದ, ನಡುವೆ ಒಂದೂ ಕಂಬವಿಲ್ಲದೆ ಸುಮಾರು 115 ಮೀಟರ್ ಅಗಲದ ಉಕ್ಕಿನ ಕಮಾನು. ಪ್ರದರ್ಶನ ಮುಗಿದ ಮೇಲೆ ಅಷ್ಟು ದೊಡ್ಡ ಚಾವಣಿಯನ್ನು ಏನು ಮಾಡಬೇಕೆಂದು ಸರ್ಕಾರಕ್ಕೇ ತೋಚಲಿಲ್ಲ. 1903ರಲ್ಲಿ ಟೂರ್ ದ ಫ್ರಾನ್ಸ್ ಶುರು ಮಾಡಿದ ಪತ್ರಿಕಾ ಸಂಪಾದಕ ಅಂರಿ ದೆಗ್ರಾಂಜ್‌ಗೆ ತೋಚಿತು. ಮಳೆ, ಚಳಿಯ ತಿಂಗಳುಗಳಲ್ಲಿ ಸೈಕಲ್ ರೇಸ್ ನಿಂತುಹೋಗುತ್ತಿತ್ತು. ಈ ಸೂರಿನ ಕೆಳಗೆ ಟ್ರ್ಯಾಕ್ ಹಾಕಿದರೆ ವರ್ಷವಿಡೀ ಓಡಿಸಬಹುದು! ಅದೇ ವರ್ಷದ ಡಿಸೆಂಬರ್ 20ರಂದು ಮೊದಲ ಸ್ಪರ್ಧೆ ನಡೆಯಿತು. ಒಳಗೆ ಬೆಚ್ಚಗಿಡುವ ಏರ್ಪಾಡು ಇರಲಿಲ್ಲ. ಜನ ಕೊರೆಯುವ ಚಳಿಯಲ್ಲೇ ಕೂತು ನೋಡಿದರು.

ಷಾಂ ದ ಮಾರ್ ಬಯಲನ್ನು ತೆರವು ಮಾಡಬೇಕೆಂದು ಆ ಭವನವನ್ನು ಕೆಡವಲು ತೀರ್ಮಾನವಾದಾಗ ದೆಗ್ರಾಂಜ್ ಹತ್ತಿರದಲ್ಲೇ ಜಾಗ ಹುಡುಕಿದ. ಹಳೆಯ ಟ್ರ್ಯಾಕಿಗೆ ನಕ್ಷೆ ಹಾಕಿದ್ದ ಗಾಸ್ತೋ ಲಾಂಬೆರ್ ಹೊಸದಕ್ಕೂ ಹಾಕಿದ. ಹೀಗೆ 1910ರ ಫೆಬ್ರುವರಿ 13ರಂದು ಗ್ರೆನೆಲ್ ಬೀದಿಯ ವೆಲ್ ದಿವ್ ಬಾಗಿಲು ತೆರೆಯಿತು. ಗಾಜಿನ ಚಾವಣಿ, ಸುತ್ತಲೂ ಎರಡು ಹಂತದ ಗ್ಯಾಲರಿ, ಕೆಳಗೆ ಸುಮಾರು 250 ಮೀಟರ್ ಸುತ್ತಳತೆಯ ಮರದ ಹಲಗೆಯ ಟ್ರ್ಯಾಕ್. ಹೊರಾಂಗಣದ ಟ್ರ್ಯಾಕಿಗಿಂತ ಸುತ್ತು ಚಿಕ್ಕದಾದ್ದರಿಂದ ಎರಡು ತುದಿಯ ತಿರುವುಗಳನ್ನು ಗೋಡೆಯಷ್ಟು ಕಡಿದಾಗಿ ಎಬ್ಬಿಸಬೇಕಾಯಿತು. ಅಲ್ಲಿ ವೇಗ ತಗ್ಗಿದರೆ ಚಕ್ರ ಹಲಗೆಯ ಮೇಲೆ ಜಾರುತ್ತದೆ. ಸವಾರನಿಗೆ ಭಯವಾದರೂ ತುಳಿಯುತ್ತಲೇ ಇರಬೇಕು.

ವೆಲ್ ದಿವ್ ಊರಿನ ಮನೆಮಾತಾದದ್ದು ಆರು ದಿನಗಳ ಓಟದಿಂದ. 1913ರ ಜನವರಿಯಲ್ಲಿ ಮೊದಲ ಸಲ ನಡೆದಾಗ ಆಸ್ಟ್ರೇಲಿಯಾದ ಆಲ್ಫ್ ಗೂಲೆ, ಅಮೆರಿಕದ ಜೋ ಫಾಗ್ಲರ್ ಜೋಡಿ ಗೆದ್ದಿತು. ಹಗಲು ರಾತ್ರಿ ಆರು ದಿನ, ಒಟ್ಟು 144 ಗಂಟೆ. ತಂಡಕ್ಕೆ ಇಬ್ಬರು. ಒಬ್ಬ ಟ್ರ್ಯಾಕಿನಲ್ಲಿದ್ದರೆ ಇನ್ನೊಬ್ಬ ವಿಶ್ರಾಂತಿಯಲ್ಲಿ, ಆದರೆ ತಂಡದ ಪರವಾಗಿ ಒಬ್ಬನಾದರೂ ಸದಾ ತುಳಿಯುತ್ತಿರಬೇಕು. ಮಲಗಲು ಟ್ರ್ಯಾಕಿನ ಒಳಬದಿಯಲ್ಲೇ ಪುಟ್ಟ ಗೂಡುಗಳು. ಬದಲಾಗುವ ಹೊತ್ತಿಗೆ ಓಡುತ್ತಿರುವವನು ಹಿಂದಿನಿಂದ ಬಂದು ಜೊತೆಗಾರನ ಕೈ ಹಿಡಿದು ಮುಂದಕ್ಕೆ ಎಸೆದುಬಿಡುತ್ತಾನೆ, ತನ್ನ ವೇಗವನ್ನೆಲ್ಲ ಅವನಿಗೆ ದಾಟಿಸಿ. ಒಬ್ಬ ಸವಾರ ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಓಡಬಾರದೆಂದು ನ್ಯೂಯಾರ್ಕಿನಲ್ಲಿ ಕಾನೂನು ಬಂದ ಮೇಲೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹುಟ್ಟಿದ ಜೋಡಿ ಪದ್ಧತಿ ಇದು. ಇಂದಿಗೂ ಒಲಿಂಪಿಕ್ಸ್‌ನಲ್ಲಿ ಮ್ಯಾಡಿಸನ್ ಎಂಬ ಹೆಸರಲ್ಲೇ ಇದೆ.

ಆ ಆರು ರಾತ್ರಿಗಳಲ್ಲಿ ಒಂದೇ ಸೂರಿನ ಕೆಳಗೆ ಇಡೀ ಪ್ಯಾರಿಸ್ ಸೇರುತ್ತಿತ್ತು, ಆದರೆ ಬೆರೆಯುತ್ತಿರಲಿಲ್ಲ. ಟ್ರ್ಯಾಕಿನ ನಡುವಿನ ಅಂಗಳದಲ್ಲಿ ಹಣವಂತರ ಮೇಜುಗಳು, ಷಾಂಪೇನು, ವಾದ್ಯದವರು. ಮೇಲಿನ ಗ್ಯಾಲರಿಯಲ್ಲಿ ಕಾರ್ಖಾನೆಯ ಕೆಲಸಗಾರರು, ಬ್ರೆಡ್ಡು ಮತ್ತು ವೈನ್ ಕಟ್ಟಿಕೊಂಡು ಬಂದು ರಾತ್ರಿಯೆಲ್ಲ ಅಲ್ಲೇ ಇರುವವರು. ಕೆಳಗಿನವರು ಓಟದ ಕಡೆ ಗಮನ ಕೊಡದೆ ಹರಟುತ್ತಿದ್ದರೆ ಮೇಲಿನಿಂದ ಶಿಳ್ಳೆ, ಕೂಗಾಟ, ಕೈಗೆ ಸಿಕ್ಕಿದ್ದರ ಸುರಿಮಳೆ. ಓಟ ಮಂದವಾದಾಗ ಯಾರಾದರೂ ಸಿರಿವಂತರು ಬಹುಮಾನದ ಹಣ ಸಾರುತ್ತಿದ್ದರು, ಕೂಡಲೇ ಸವಾರರು ಅದಕ್ಕಾಗಿ ನುಗ್ಗುತ್ತಿದ್ದರು. ಮೊದಲ ವರ್ಷವೇ ಅಂರಿ ದ ರಾತ್ಶೀಲ್ಡ್ 600 ಫ್ರಾಂಕ್, ನೃತ್ಯಗಾತಿ ಮಿಸ್ತಂಗೆತ್ 100 ಫ್ರಾಂಕ್ ಸಾರಿದ್ದರಂತೆ.

1924ರ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವ ಸ್ಪರ್ಧೆಗಳು ನಡೆದದ್ದೂ ಈ ಸೂರಿನ ಕೆಳಗೇ. 1930ರ ದಶಕದಲ್ಲಿ ಅಮೆರಿಕದ ಜೆಫ್ ಡಿಕ್ಸನ್ ನಡುವೆ ಮಂಜಿನ ಅಂಗಳ ಮಾಡಿಸಿ ಐಸ್ ಹಾಕಿ ಆಟ, ಸ್ಕೇಟಿಂಗ್ ತಂದ. ರಾಜಕೀಯ ಪಕ್ಷಗಳಿಗೂ ಇದೇ ಬೇಕು. ಸ್ಪೇನಿನ ಅಂತರ್ಯುದ್ಧ ಶುರುವಾದ 1936ರಲ್ಲಿ ಅಲ್ಲಿನ ಕಮ್ಯುನಿಸ್ಟ್ ನಾಯಕಿ ದೊಲೊರೆಸ್ ಇಬಾರುರಿ ಇಲ್ಲಿ ನಿಂತು ಪ್ಯಾರಿಸ್ ಜನರ ನೆರವು ಕೇಳಿದಳು.

ಇಷ್ಟೆಲ್ಲ ನಡೆದ ಜಾಗದ ಸುತ್ತ ನಾವು ಎರಡು ಸುತ್ತು ಹಾಕಿದೆವು. ದೆಗ್ರಾಂಜ್ ಹೆಸರಾಗಲಿ, ಆರು ದಿನಗಳ ಓಟದ ಒಂದು ಸಾಲಾಗಲಿ ನಮಗೆಲ್ಲೂ ಕಾಣಲಿಲ್ಲ. ಕಂಡದ್ದು 8ನೇ ನಂಬರಿನ ಹತ್ತಿರ ಒಂದು ಫಲಕ. ಅದರಲ್ಲಿರುವುದು ಬೇರೆ ವಿಷಯ. ಹೊತ್ತು ಮುಳುಗುತ್ತ ಬಂದಿತ್ತು, ನೆಲಾತೋ ರಸ್ತೆಯ ಸ್ಮಾರಕ ತೋಟದ ಗೇಟು ಹಾಕಿಯಾಗಿತ್ತು. ನಾಳೆ ಬರೋಣ ಎಂದು ಹೊರಟೆವು.

ಮಂಗಳವಾರ

ಬೆಳಿಗ್ಗೆ ಮೊದಲು ಫಲಕದ ಮುಂದೆ ನಿಂತೆವು. ಅಕ್ಕನ ಮಗ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದ. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಸುತ್ತಮುತ್ತ 13,152 ಯಹೂದಿಗಳನ್ನು ಬಂಧಿಸಲಾಯಿತು. ಇಲ್ಲಿದ್ದ ವೆಲ್ ದಿವ್‌ನಲ್ಲಿ 4,115 ಮಕ್ಕಳು, 2,916 ಹೆಂಗಸರು, 1,129 ಗಂಡಸರನ್ನು ಅಮಾನವೀಯ ಸ್ಥಿತಿಯಲ್ಲಿ ಕೂಡಿಹಾಕಲಾಯಿತು. ಹಾಗೆ ಮಾಡಿದ್ದು ವಿಶಿ ಸರ್ಕಾರದ (ಜರ್ಮನರ ಆಕ್ರಮಣದ ಕಾಲದಲ್ಲಿ ಅವರ ಜೊತೆ ಕೈಜೋಡಿಸಿದ್ದ ಫ್ರೆಂಚ್ ಸರ್ಕಾರ) ಪೊಲೀಸರು, ನಾಜಿ ಆಕ್ರಮಣಕಾರರ ಆದೇಶದ ಮೇರೆಗೆ. ನೆರವಾಗಲು ಯತ್ನಿಸಿದವರಿಗೆ ಕೃತಜ್ಞತೆ. ದಾರಿಹೋಕನೇ, ನೆನಪಿಡು. ಈ ಫಲಕ ಹಾಕಿದ್ದು 1986ರಲ್ಲಿ.

"ಮಕ್ಕಳೇ ಜಾಸ್ತಿ ಇದಾರಲ್ಲೋ" ಅಂದೆ.

"ಹೂಂ ಚಿಕ್ಕಮ್ಮ. ಮಕ್ಕಳಿಲ್ಲದವರನ್ನ ನೇರ ದ್ರಾಂಸಿ ಶಿಬಿರಕ್ಕೆ ಕಳಿಸಿದ್ರು. ಸಂಸಾರ ಸಮೇತ ಸಿಕ್ಕವರನ್ನ ಮಾತ್ರ ಇಲ್ಲಿಗೆ ತಂದಿದ್ದು."

ಜರ್ಮನರು ಕೇಳಿದ್ದು ದುಡಿಯುವ ವಯಸ್ಸಿನವರನ್ನು. ಹದಿನಾರು ವರ್ಷದ ಒಳಗಿನ ಮಕ್ಕಳನ್ನೂ ಸೇರಿಸೋಣ ಎಂದದ್ದು ವಿಶಿ ಸರ್ಕಾರದ ಮುಖ್ಯಸ್ಥ ಪಿಯರ್ ಲಾವಾಲ್. ಪೊಲೀಸ್ ಪಡೆಯನ್ನು ಒದಗಿಸುವ ಒಪ್ಪಂದ ಮಾಡಿಕೊಂಡವನು ಪೊಲೀಸ್ ಮುಖ್ಯ ಕಾರ್ಯದರ್ಶಿ ರೆನೆ ಬುಸ್ಕೆ. ಹಿಡಿಯಬೇಕಾದವರ ಪಟ್ಟಿಯಲ್ಲಿ 27,000ಕ್ಕೂ ಹೆಚ್ಚು ಹೆಸರುಗಳಿದ್ದವು. ಬೆಳಗಿನ ಜಾವ ನಾಲ್ಕು ಗಂಟೆಗೆ ಸಾವಿರಾರು ಫ್ರೆಂಚ್ ಪೊಲೀಸರು ಬಾಗಿಲು ತಟ್ಟಲು ಹೊರಟರು. ಪಟ್ಟಿಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ತಪ್ಪಿಸಿಕೊಂಡರು, ಏಕೆಂದರೆ ಗುಟ್ಟಾಗಿ ಕರಪತ್ರ ಹಂಚಿದವರಿದ್ದರು, ಮುಂಚೆಯೇ ಸುಳಿವು ಕೊಟ್ಟ ಪೊಲೀಸರೂ ಇದ್ದರು, ಬಾಗಿಲು ತೆರೆದು ಬಚ್ಚಿಟ್ಟುಕೊಂಡ ನೆರೆಹೊರೆಯವರೂ ಇದ್ದರು. ಸಿಕ್ಕವರನ್ನು ಊರಿನ ಸಿಟಿ ಬಸ್ಸುಗಳಲ್ಲೇ ತುಂಬಿ ತಂದರು.

ನೆಲಾತೋ ರಸ್ತೆಯ 7ನೇ ನಂಬರಿನ ತೋಟ ಈಗ ತೆರೆದಿತ್ತು. 2017ರಲ್ಲಿ ಮಾಡಿದ್ದು. ಮೈದಾನ ಹೋದ ಮೇಲೆ ಈ ಜಾಗದ ಒಂದು ಭಾಗ ಗೃಹ ಇಲಾಖೆಯ ಕೈಗೆ ಬಂದಿತ್ತು, ಬಹಳ ವರ್ಷ ದೇಶದ ಒಳ ಬೇಹುಗಾರಿಕೆಯ ಕಚೇರಿ ಇಲ್ಲಿಯೇ ಇತ್ತು. ಈಗ ಒಂದು ಉದ್ದನೆಯ ಗೋಡೆಯ ಮೇಲೆ 4,115 ಮಕ್ಕಳ ಹೆಸರುಗಳು. ಹತ್ತಿರ ಹೋಗಿ ಓದತೊಡಗಿದೆ. ಹೆಸರಿನ ಜೊತೆ ವಯಸ್ಸು. ಒಂದೇ ಮನೆತನದ ಹೆಸರು ಸಾಲಾಗಿ ಬರುತ್ತದೆ: ಅಕ್ಕ, ತಮ್ಮ, ತಂಗಿ. ಹತ್ತು, ಏಳು, ನಾಲ್ಕು. ಮುಂದಿನ ಸಾಲು ಇನ್ನೊಂದು ಮನೆ. ಕೆಳಗಿನ ಸಾಲುಗಳನ್ನು ಓದಲು ಬಗ್ಗಬೇಕು. ಸ್ವಲ್ಪ ಹೊತ್ತಿಗೆ ನನಗೆ ಮುಂದೆ ಓದಲು ಆಗಲಿಲ್ಲ. ಈ ಮಕ್ಕಳಲ್ಲಿ ಬಹುಪಾಲು ಫ್ರಾನ್ಸಿನಲ್ಲೇ ಹುಟ್ಟಿದವರು, ಫ್ರೆಂಚ್ ಶಾಲೆಗೆ ಹೋಗುತ್ತಿದ್ದವರು.

ಒಳಗೆ ಏನಾಯಿತು ಎಂಬುದನ್ನು ಕಟ್ಟಡದ ರಚನೆ ತಿಳಿದ ಮೇಲೆ ಕೇಳಿದರೆ ಇನ್ನೂ ತಡೆದುಕೊಳ್ಳಲಾಗುವುದಿಲ್ಲ. ಆ ಗಾಜಿನ ಚಾವಣಿಗೆ ಬಾಂಬ್ ವಿಮಾನಗಳ ಕಣ್ಣು ತಪ್ಪಿಸಲು ಕಡುನೀಲಿ ಬಣ್ಣ ಬಳಿದಿದ್ದರು. ಜುಲೈ ಬಿಸಿಲಿಗೆ ಅದು ಕಾದು ಒಳಗೆ ಧಗೆ, ಜೊತೆಗೆ ಒಂಥರಾ ಹಸಿರು ಮಬ್ಬು. ಯಾರೂ ತಪ್ಪಿಸಿಕೊಳ್ಳಬಾರದೆಂದು ಕಿಟಕಿಗಳನ್ನು ಬಿಗಿದಿದ್ದರು. ಶೌಚಾಲಯಗಳಲ್ಲಿ ಅರ್ಧದಷ್ಟಕ್ಕೆ ಬೀಗ, ಏಕೆಂದರೆ ಅವುಗಳ ಕಿಟಕಿ ಬೀದಿಗೆ ತೆರೆಯುತ್ತಿತ್ತು. ಉಳಿದವು ಬೇಗನೆ ಕಟ್ಟಿಕೊಂಡವು. ಎಂಟು ಸಾವಿರ ಜನಕ್ಕೆ ಹನಿ ನೀರಿಗೂ ಪರದಾಟ. ಗ್ಯಾಲರಿಯ ಕುರ್ಚಿಗಳಲ್ಲೇ ಐದು ದಿನ ಕಳೆಯಬೇಕು, ಮಲಗಲು ಜಾಗವಿಲ್ಲ. ಮಕ್ಕಳು ಮೊದಮೊದಲು ಆ ಇಳಿಜಾರು ಟ್ರ್ಯಾಕಿನ ಮೇಲೆ ಓಡಿ ಜಾರಿ ಆಡಿದರಂತೆ. ಬದುಕುಳಿದ ಕೆಲವರ ನೆನಪುಗಳಲ್ಲಿ ಇದು ಬರುತ್ತದೆ.

ಒಳಗೆ ಬಿಟ್ಟದ್ದು ಬೆರಳೆಣಿಕೆಯ ವೈದ್ಯರು ಮತ್ತು ದಾದಿಯರನ್ನು. ಅಗ್ನಿಶಾಮಕ ದಳದವರು ಅಲ್ಲಿ ಕಾವಲಿನ ಕೆಲಸಕ್ಕಿದ್ದರು. ಅವರು ತಮ್ಮ ಹೊಣೆಯ ಮೇಲೆ ಪೈಪುಗಳನ್ನು ಬಿಡಿಸಿ ಜನಕ್ಕೆ ನೀರು ಕೊಟ್ಟರು. ಜನ ಕೈಗೆ ತುರುಕಿದ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಹೊರಗೆ ತಂದು ಬೇರೆ ಬೇರೆ ಕಡೆ ಅಂಚೆಗೆ ಹಾಕಿದರು. ಫಲಕದಲ್ಲಿ ನೆನೆದ 'ನೆರವಾಗಲು ಯತ್ನಿಸಿದವರು' ಎಂದರೆ ಇಂಥವರು.

ಮಧ್ಯಾಹ್ನ ನದಿ ದಂಡೆಯ ಸ್ಮಾರಕಕ್ಕೆ ನಡೆದೆವು, ಹೆಚ್ಚು ದೂರವಿಲ್ಲ. 1994ರಲ್ಲಿ ಅನಾವರಣವಾದದ್ದು. ನಾಜಿಗಳ ಸಾವಿನ ಶಿಬಿರ ಔಶ್ವಿಟ್ಜ್‌ನಿಂದ ಬದುಕಿ ಬಂದ ವಾಲ್ಟರ್ ಸ್ಪಿಟ್ಜರ್ ಮಾಡಿದ ಕಂಚಿನ ಮೂರ್ತಿಗಳು: ಬಸುರಿ ಹೆಂಗಸು, ಮಕ್ಕಳು, ಮುದುಕರು, ಕಾಯಿಲೆಯವನು, ಪಕ್ಕದಲ್ಲಿ ಸೂಟ್‌ಕೇಸು. ಅವರು ಕೂತಿರುವ ಪೀಠ ಮಾತ್ರ ಬಾಗಿದೆ, ಸೈಕಲ್ ಟ್ರ್ಯಾಕಿನ ತಿರುವಿನ ಹಾಗೆ. ಇಡೀ ಗ್ರೆನೆಲ್‌ನಲ್ಲಿ ನನಗೆ ಸಿಕ್ಕ ಸೈಕಲ್ಲಿನ ಒಂದೇ ಗುರುತು ಅದು. ಶಿಲ್ಪಿ ಅದನ್ನು ಬಿಡದೆ ಇಟ್ಟದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಸ್ಮಾರಕದ ಬರಹದಲ್ಲಿ ಅಪರಾಧ ನಡೆದದ್ದು 'ಫ್ರೆಂಚ್ ರಾಜ್ಯದ ಸರ್ಕಾರ ಎನಿಸಿಕೊಂಡ' ಅಧಿಕಾರದ ಅಡಿಯಲ್ಲಿ ಎಂದಿದೆ. ಅಂದರೆ ಗಣರಾಜ್ಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಧಾಟಿ. ಮಿತೆರಾಂ ಅಧ್ಯಕ್ಷರಾಗಿದ್ದಷ್ಟು ಕಾಲ ಅದೇ ನಿಲುವು. ಮರುವರ್ಷ, 1995ರ ಜುಲೈ 16ರಂದು, ಹೊಸ ಅಧ್ಯಕ್ಷ ಜಾಕ್ ಶಿರಾಕ್ ಇಲ್ಲಿಯೇ ನಿಂತು ಆಕ್ರಮಣಕಾರರ ಕ್ರೌರ್ಯಕ್ಕೆ ಫ್ರೆಂಚರು, ಫ್ರೆಂಚ್ ರಾಜ್ಯ ಕೈಜೋಡಿಸಿತ್ತು ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಐವತ್ತಮೂರು ವರ್ಷ ಬೇಕಾಯಿತು.

ಬುಧವಾರ

ಮಾರೆ ಬಡಾವಣೆಯ ಶೋವಾ ಸ್ಮಾರಕ. ಶೋವಾ ಎಂದರೆ ನಾಜಿಗಳು ನಡೆಸಿದ ಯಹೂದಿಗಳ ನರಮೇಧ. ಗೇಟಿನಲ್ಲಿ ತಪಾಸಣೆ, ಪ್ರವೇಶ ಉಚಿತ. ಅಂಗಳದಲ್ಲಿ ಫ್ರಾನ್ಸಿನಿಂದ ಗಡೀಪಾರಾದ 76,000 ಯಹೂದಿಗಳ ಹೆಸರು ಕೆತ್ತಿದ ಗೋಡೆಗಳು. ಒಳಗೆ ಪೊಲೀಸರು ಸಿದ್ಧಪಡಿಸಿದ ಕಾರ್ಡುಗಳ ಪೆಟ್ಟಿಗೆಗಳನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಇಡುವಂಥ ಉದ್ದನೆಯ ಡ್ರಾಯರುಗಳು, ಒತ್ತೊತ್ತಾಗಿ ಜೋಡಿಸಿದ ಕಾರ್ಡುಗಳ ಅಂಚು. ಯಾವ ಗುಮಾಸ್ತ ಅವನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿದನೋ, ಅವನ ಕೆಲಸ ಅಚ್ಚುಕಟ್ಟಾಗಿದೆ. ಅದೇ ಭಯ ಹುಟ್ಟಿಸುತ್ತದೆ.

ಇಲ್ಲಿ ನಾನು ಕೇಳಿಕೊಂಡು ನೋಡಿದ್ದು ಫೋಟೋಗಳನ್ನು. ವೆಲ್ ದಿವ್‌ನ ಒಳಗೆ ಜನ ತುಂಬಿ ಕೂತಿರುವ ಒಂದು ಚಿತ್ರ ವರ್ಷಗಟ್ಟಲೆ ಪಠ್ಯಪುಸ್ತಕ, ಪತ್ರಿಕೆಗಳಲ್ಲಿ 1942ರದೆಂದು ಅಚ್ಚಾಗುತ್ತಿತ್ತು. 1980ರ ದಶಕದಲ್ಲಿ ಇತಿಹಾಸಕಾರ ಸೆರ್ಜ್ ಕ್ಲಾರ್ಸ್‌ಫೆಲ್ಡ್ ಅದು 1942ರ ಚಿತ್ರವೇ ಅಲ್ಲ ಎಂದು ತೋರಿಸಿಕೊಟ್ಟರು. 1944ರಲ್ಲಿ ಪ್ಯಾರಿಸ್ ಬಿಡುಗಡೆಯಾದ ಮೇಲೆ ಜರ್ಮನರ ಜೊತೆ ಕೈಜೋಡಿಸಿದವರೆಂದು ಅನುಮಾನಿಸಿ ಹಿಡಿದವರನ್ನು ಅದೇ ಮೈದಾನದಲ್ಲಿ ಕೂಡಿಹಾಕಿದ್ದಾಗಿನ ಚಿತ್ರ ಅದು. ಜುಲೈ 1942ರದೆಂದು ಖಚಿತವಾದ ಪತ್ರಿಕಾ ಚಿತ್ರ ಒಂದೇ ಒಂದು: ಮೈದಾನದ ಹೊರಗೆ ಸಾಲಾಗಿ ನಿಂತ ಖಾಲಿ ಬಸ್ಸುಗಳು. ಅದನ್ನು ಪತ್ತೆ ಮಾಡಿದವರೂ ಕ್ಲಾರ್ಸ್‌ಫೆಲ್ಡ್.

ಈ ಫೋಟೋದ ವಿಷಯ ನನ್ನ ತಲೆಯಲ್ಲಿ ಕೊರೆಯತೊಡಗಿತು. ಲೆಕ್ಕ ಹಾಕಿ ನೋಡಿದೆ. 1940ರ ಮೇ ತಿಂಗಳಲ್ಲಿ, ಜರ್ಮನರು ಇನ್ನೂ ಪ್ಯಾರಿಸಿಗೆ ಬರುವ ಮುಂಚೆಯೇ, ಫ್ರೆಂಚ್ ಸರ್ಕಾರ ಜರ್ಮನಿಯಿಂದ ಓಡಿಬಂದ ಹೆಂಗಸರನ್ನು 'ಶತ್ರು ದೇಶದವರು' ಎಂದು ಇಲ್ಲಿ ಕೂಡಿಹಾಕಿತ್ತು. ಚಿಂತಕಿ ಹನ್ನಾ ಅರೆಂಟ್ ಅವರಲ್ಲೊಬ್ಬರು. ಇಲ್ಲಿಂದ ಅವರನ್ನು ಗುರ್ಸ್ ಶಿಬಿರಕ್ಕೆ ಕಳಿಸಿದರು. ಆಮೇಲೆ 1942. ಆಮೇಲೆ 1944. ಆಮೇಲೆ 1958ರ ಆಗಸ್ಟ್‌ನಲ್ಲಿ, ಅಲ್ಜೀರಿಯಾದ ಯುದ್ಧ ನಡೆಯುತ್ತಿದ್ದಾಗ, ಪ್ಯಾರಿಸಿನ ಪೊಲೀಸ್ ಮುಖ್ಯಸ್ಥ ಮೊರೀಸ್ ಪಪೋ ಸಾವಿರಾರು ಅಲ್ಜೀರಿಯನ್ನರನ್ನು ಹಿಡಿಸಿ ತಂದು ಕೂಡಿಸಿದ ಜಾಗಗಳಲ್ಲಿ ವೆಲ್ ದಿವ್ ಕೂಡ ಒಂದು. ಹಿಡಿದವರು ಬೇರೆ, ಸಿಕ್ಕವರು ಬೇರೆ, ಕಾರಣ ಬೇರೆ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ನಾನು ತೂಗುತ್ತಿಲ್ಲ. 1942ರದ್ದು ಸಾವಿನ ದಾರಿ. ಆದರೆ ಕಟ್ಟಡ ಒಂದೇ.

ಏಕೆ ಅದೇ? ಸ್ಮಾರಕದ ಮೆಟ್ಟಿಲ ಮೇಲೆ ಕೂತು ಅಕ್ಕನ ಮಗನ ಜೊತೆ ಬಹಳ ಹೊತ್ತು ಇದನ್ನೇ ಮಾತಾಡಿದೆ. ಒಳಾಂಗಣ ಕ್ರೀಡಾಂಗಣ ಎಂದರೆ ಸಾವಿರಾರು ಜನರನ್ನು ಒಂದೇ ಹೊತ್ತಿಗೆ ಒಳಗೆ ತಂದು, ಎಣಿಸಿ, ಕೂರಿಸಿ, ಕೆಲವೇ ಬಾಗಿಲುಗಳಿಂದ ಹೊರಗೆ ಬಿಡಲು ಕಟ್ಟಿದ್ದು. ಗೋಡೆ ಎತ್ತರ, ಮೇಲೆ ಸೂರು, ಊರ ನಡುವೆ, ಬಸ್ಸು ನಿಲ್ಲಿಸಲು ಜಾಗ. ಟಿಕೆಟ್ ಕೊಟ್ಟು ಒಳಬಿಡುವ ಗೇಟಿನಲ್ಲಿ ಪಟ್ಟಿ ಹಿಡಿದವನು ನಿಂತರೆ ಬೇರೇನೂ ಬದಲಿಸಬೇಕಾಗಿಲ್ಲ. ಆ ಹೊತ್ತಿಗೆ ಮೈದಾನದ ಆಡಳಿತ ಇದ್ದದ್ದು ದೆಗ್ರಾಂಜ್ ನಂತರ ಟೂರ್ ದ ಫ್ರಾನ್ಸ್ ನಡೆಸಿದ ಜಾಕ್ ಗೊದ್ದೆಯ ಕೈಯಲ್ಲಿ. ದಶಕಗಳ ಕಾಲ ಫ್ರೆಂಚ್ ಕ್ರೀಡೆಯ ದೊಡ್ಡ ಹೆಸರು ಅವನು. ಆತ್ಮಕಥೆಯಲ್ಲಿ ಈ ಐದು ದಿನಕ್ಕೆ ಸಿಕ್ಕಿದ್ದು ಕೆಲವೇ ಸಾಲು.

ಸೈಕಲ್ ಪ್ರೇಮಿಗಳು ಬರೆಯುವ ವೆಲ್ ದಿವ್ ಕಥೆಯಲ್ಲಿ 1942 ಒಂದು ಪ್ಯಾರಾದಲ್ಲಿ ಮುಗಿಯುತ್ತದೆ. 1942 ಬರೆಯುವವರಿಗೆ ಅದು ಬರೀ ಜಾಗದ ಹೆಸರು. ನನಗನಿಸುವುದು, ಎರಡನ್ನೂ ಬಿಡಿಸಲಾಗುವುದಿಲ್ಲ. ಷಾಂಪೇನು ಕುಡಿದ ಅಂಗಳವೂ ಅದೇ, ಮಕ್ಕಳು ನೀರಿಗೆ ಅತ್ತ ಅಂಗಳವೂ ಅದೇ. ಗ್ರೆನೆಲ್ ಬೀದಿಯ ಫಲಕದ ಪಕ್ಕ ಇನ್ನೊಂದು ಫಲಕ ಬೇಕು. ಅದರಲ್ಲಿ 1910 ಇರಬೇಕು, 1913 ಇರಬೇಕು, 1940 ಮತ್ತು 1958 ಕೂಡ ಇರಬೇಕು.

ಗುರುವಾರ

ದ್ರಾಂಸಿಗೆ ಆರ್‌ಇಆರ್ ರೈಲಿನಲ್ಲಿ ಲ ಬೂರ್ಜೆವರೆಗೆ ಹೋಗಿ ಬಸ್ ಹಿಡಿದೆವು. ಲ ಮ್ಯುಎತ್ ಎಂಬ ಈ ವಸತಿ ಸಮುಚ್ಚಯವನ್ನು 1930ರ ದಶಕದಲ್ಲಿ ಬಡವರಿಗೆ ಕಡಿಮೆ ಬಾಡಿಗೆಯ ಮನೆಗಳೆಂದು ಕಟ್ಟಲು ಶುರು ಮಾಡಿದ್ದರು. ನಾಲ್ಕು ಅಂತಸ್ತು, ಮೂರು ಕಡೆ ಮನೆ, ನಾಲ್ಕನೇ ಕಡೆ ಬಯಲು. ಕೆಲಸ ಮುಗಿಯುವ ಮುಂಚೆಯೇ ಅದು ಶಿಬಿರವಾಯಿತು. ಫ್ರಾನ್ಸಿನಿಂದ ಗಡೀಪಾರಾದವರಲ್ಲಿ ಸುಮಾರು 63,000 ಜನ ಹೊರಟದ್ದು ಇಲ್ಲಿಂದ.

ಇದನ್ನು ಕೆಡವಲಿಲ್ಲ. ಈಗಲೂ ಜನ ವಾಸವಿದ್ದಾರೆ, ಕಿಟಕಿಯಲ್ಲಿ ಬಟ್ಟೆ ಒಣಗುತ್ತದೆ. ಅಂಗಳದ ತುದಿಯಲ್ಲಿ ಶೆಲೊಮೊ ಸೆಲಿಂಗರ್ ಕೆತ್ತಿದ 1976ರ ಸ್ಮಾರಕ, ಹಿಂದೆ ಒಂದು ಗೂಡ್ಸ್ ವ್ಯಾಗನ್. ಎದುರು ಬದಿಯಲ್ಲಿ 2012ರಲ್ಲಿ ತೆರೆದ ದಾಖಲೆ ಕೇಂದ್ರ, ಅದರ ಗಾಜಿನ ಗೋಡೆಯಿಂದ ಇಡೀ ಅಂಗಳ ಕಾಣುತ್ತದೆ. ನೆಲಾತೋ ರಸ್ತೆಯಲ್ಲಿ ಕಣ್ಣಿಗೆ ಏನೂ ಸಿಗದೆ ಊಹಿಸುತ್ತಿದ್ದೆ. ಇಲ್ಲಿ ಗೋಡೆಗಳೇ ಎದುರಿಗಿವೆ. ಕೆಡವದೆ ಉಳಿಸಿದ ಕಟ್ಟಡಕ್ಕೆ ಇರುವ ಬಲ ಏನೆಂದು ಗೊತ್ತಾದದ್ದು ಇಲ್ಲಿ.

ಶುಕ್ರವಾರ

ಆಸ್ಟರ್ಲಿಟ್ಜ್ ನಿಲ್ದಾಣದಿಂದ ಓರ್ಲೆಯಾಂಗೆ ರೈಲು, ಸುಮಾರು ಒಂದು ಗಂಟೆಯ ದಾರಿ. ವೆಲ್ ದಿವ್‌ನಿಂದ ಹೊರತಂದ ಸಂಸಾರಗಳನ್ನೂ ಇದೇ ನಿಲ್ದಾಣದಲ್ಲಿ ಗೂಡ್ಸ್ ರೈಲಿಗೆ ಹತ್ತಿಸಿದ್ದು. ಅವರು ಹೋದದ್ದು ಲುವಾರೆ ಜಿಲ್ಲೆಯ ಪಿತಿವಿಯೆ ಮತ್ತು ಬೋನ್-ಲಾ-ರೋಲಾಂಡ್ ಶಿಬಿರಗಳಿಗೆ. ಕಿಟಕಿಯಾಚೆ ಗೋಧಿಯ ಹೊಲಗಳು, ದಿಗಂತದವರೆಗೂ ಸಮತಟ್ಟು.

ಓರ್ಲೆಯಾಂನಲ್ಲಿ ವೆಲ್ ದಿವ್ ಮಕ್ಕಳ ವಸ್ತುಸಂಗ್ರಹಾಲಯವಿದೆ, 2011ರಲ್ಲಿ ತೆರೆದದ್ದು. ಬೋನ್-ಲಾ-ರೋಲಾಂಡ್ ಶಿಬಿರದ ಒಂದು ಮರದ ಬ್ಯಾರಕ್ಕಿನ ಭಾಗವನ್ನೇ ತಂದು ಇಲ್ಲಿ ನಿಲ್ಲಿಸಿದ್ದಾರೆ. ಹಲಗೆಗಳ ನಡುವೆ ಸಂದು, ಬೆಳಕು ಗೆರೆಗೆರೆಯಾಗಿ ಬೀಳುತ್ತದೆ. ಇಂಥ ಬ್ಯಾರಕ್ಕುಗಳಲ್ಲೇ ತಾಯಂದಿರಿಂದ ಮಕ್ಕಳನ್ನು ಬೇರೆ ಮಾಡಿದ್ದು. ಮಕ್ಕಳನ್ನೂ ಗಡೀಪಾರು ಮಾಡಬಹುದೇ ಎಂಬುದಕ್ಕೆ ಬರ್ಲಿನ್‌ನಿಂದ ಉತ್ತರ ಬರುವುದು ತಡವಾಯಿತು. ಉತ್ತರಕ್ಕೆ ಕಾಯದೆ ದೊಡ್ಡವರ ರೈಲುಗಳನ್ನು ಜುಲೈ ಕೊನೆ, ಆಗಸ್ಟ್ ಮೊದಲ ವಾರದಲ್ಲಿ ಹೊರಡಿಸಿದರು. ಹಿಡಿದುಕೊಂಡ ಮಕ್ಕಳನ್ನು ಫ್ರೆಂಚ್ ಪೊಲೀಸರು ಬಲವಂತವಾಗಿ ಬಿಡಿಸಿದರು. ತಮ್ಮ ಹೆಸರು ಹೇಳಲೂ ಬಾರದ ಕೂಸುಗಳು ಉಳಿದವು. ಅವರನ್ನು ಆಗಸ್ಟ್ ಮಧ್ಯದಿಂದ ದ್ರಾಂಸಿಗೆ ತಂದು, ಅಲ್ಲಿಂದ ಅಪರಿಚಿತ ದೊಡ್ಡವರ ಜೊತೆ ಔಶ್ವಿಟ್ಜ್‌ಗೆ ಕಳಿಸಿದರು. ಹಾಗೆ ಹೋದ ಆ ಮಕ್ಕಳಲ್ಲಿ ಯಾರೂ ಹಿಂದಿರುಗಲಿಲ್ಲ. ಆ ಎರಡು ದಿನ ಬಂಧಿತರಾದ ಹದಿಮೂರು ಸಾವಿರ ಜನರಲ್ಲಿ ಯುದ್ಧದ ನಂತರ ಮರಳಿದ ದೊಡ್ಡವರು ನೂರರ ಒಳಗೆ.

ಪಿತಿವಿಯೆ ರೈಲು ನಿಲ್ದಾಣವೂ 2022ರಿಂದ ಸ್ಮಾರಕವಾಗಿದೆ. ಆರು ಗಡೀಪಾರು ರೈಲುಗಳು ಹೊರಟ ನಿಲ್ದಾಣ ಅದು. ನಮಗೆ ಹೊತ್ತಾಗಿದ್ದರಿಂದ ಹೋಗಲಿಲ್ಲ. ಹಿಂದಿರುಗುವ ರೈಲಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಶನಿವಾರ

ಬೆಳಿಗ್ಗೆ ಅಕ್ಕನ ಮಗ "ಇವತ್ತು ಸೈಕಲ್ ನೋಡೋಣ ಚಿಕ್ಕಮ್ಮ" ಎಂದು ಎಳೆದುಕೊಂಡು ಹೋದದ್ದು ವಾಂಸೆನ್ ಕಾಡಿನ ಲ ಸಿಪಾಲ್‌ಗೆ. ವೆಲ್ ದಿವ್‌ಗಿಂತಲೂ ಹಳೆಯ ಹೊರಾಂಗಣ ಟ್ರ್ಯಾಕ್, 1900 ಮತ್ತು 1924ರ ಒಲಿಂಪಿಕ್ಸ್ ಸೈಕಲ್ ಸ್ಪರ್ಧೆಗಳನ್ನು ಕಂಡದ್ದು. 1968ರಿಂದ 1974ರವರೆಗೆ ಟೂರ್ ದ ಫ್ರಾನ್ಸ್ ಮುಗಿಯುತ್ತಿದ್ದುದು ಇಲ್ಲಿಯೇ, ಎಡ್ಡಿ ಮರ್ಕ್ಸ್ ಐದೂ ಸಲ ಗೆದ್ದು ಬಂದು ನಿಂತದ್ದು ಇಲ್ಲಿಯೇ. ಈಗಿನ ಹೆಸರು ಜಾಕ್ ಆಂಕೆತಿಲ್ ವೆಲೊಡ್ರೋಮ್. 1958ರ ನವೆಂಬರಿನಲ್ಲಿ ವೆಲ್ ದಿವ್‌ನ ಕಟ್ಟಕಡೆಯ ಆರು ದಿನಗಳ ಓಟ ಗೆದ್ದ ಮೂವರಲ್ಲಿ, ದಾರಿಗಾದ್ ಮತ್ತು ತೆರುಜ್ಜಿ ಜೊತೆ, ಆಂಕೆತಿಲ್ ಒಬ್ಬ.

ಯುದ್ಧ ಮುಗಿದ ಮೇಲೆ ವೆಲ್ ದಿವ್ ಮತ್ತೆ ಶುರುವಾಗಿತ್ತು. 1946ರಲ್ಲಿ ಆರು ದಿನಗಳ ಓಟ ಮರಳಿತು. 1951ರ ಯುರೋಪಿಯನ್ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟ ಜೆಕೊಸ್ಲೊವಾಕಿಯಾವನ್ನು 45-44ರಿಂದ, ಒಂದೇ ಅಂಕದಿಂದ, ಅಲ್ಲೇ ಸೋಲಿಸಿತು. ಅದೇ ಗ್ಯಾಲರಿ, ಅದೇ ಕುರ್ಚಿಗಳು. ಅಲ್ಲಿ ಕೂತು ಚಪ್ಪಾಳೆ ತಟ್ಟಿದವರನ್ನು ನಾನು ದೂರುವುದಿಲ್ಲ, ಅವರಲ್ಲಿ ತಮ್ಮವರನ್ನು ಕಳೆದುಕೊಂಡವರೂ ಇದ್ದಿರಬಹುದು. ಕಟ್ಟಡ ಹಳತಾಗಿತ್ತು, ಜಾಗದ ಬೆಲೆ ಏರಿತ್ತು. 1959ರಲ್ಲಿ ಕೆಡವಿದ್ದು 1942ರ ನಾಚಿಕೆಯಿಂದಲ್ಲ.

ಟ್ರ್ಯಾಕಿನಲ್ಲಿ ಹದಿಹರೆಯದ ಹುಡುಗ ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ತಿರುವಿನಲ್ಲಿ ಮೇಲೇರಿ, ಕ್ಷಣ ತಡೆದು, ಒಮ್ಮೆಗೇ ಕೆಳಗೆ ಧುಮುಕಿ ಮುಂದಿದ್ದವನನ್ನು ದಾಟಿದಳು. ಗಾಳಿ ಸೀಳಿದ ಸದ್ದು ನಮ್ಮವರೆಗೂ ಬಂತು. ಮನಸ್ಸು ಹಗುರಾಯಿತು. ಈ ಆಟ ನನಗೆ ಇಷ್ಟ, ಇಷ್ಟವಾಗಿಯೇ ಉಳಿಯುತ್ತದೆ.

ಮಧ್ಯಾಹ್ನ ಹನ್ನೆರಡನೇ ಲೈನು ಹಿಡಿದು ಪೋರ್ತ್ ದ ವರ್ಸಾಯ್‌ಗೆ ಹೋದೆವು. ವೆಲ್ ದಿವ್ ಹೋದ ಮೇಲೆ ಅದರ ಬದಲಿಗೆಂದು 1960ರಲ್ಲಿ ತೆರೆದ ಕ್ರೀಡಾ ಭವನ ಅಲ್ಲಿದೆ. ದೊಡ್ಡ ಗುಮ್ಮಟ, ಈಗ ಹೆಚ್ಚಾಗಿ ಸಂಗೀತ, ನೃತ್ಯದ ಕಾರ್ಯಕ್ರಮಗಳು. ಹೊರಗೆ ಮುಂದಿನ ಪ್ರದರ್ಶನಗಳ ಪೋಸ್ಟರುಗಳು, ಟಿಕೆಟ್ ಕಿಟಕಿಯ ಮುಂದೆ ನಾಲ್ಕಾರು ಜನ.

"ಇಲ್ಲೇನೂ ಆಗಿಲ್ಲ ಅಂದ್ಕೊಂಡಿದ್ದೆ" ಅಂದೆ.

ಅವನು ಮೊಬೈಲಿನಲ್ಲಿ ಓದುತ್ತಿದ್ದವನು ತಲೆ ಎತ್ತಿದ. "ಆಗಿದೆ ಚಿಕ್ಕಮ್ಮ. ಕಟ್ಟಿದ ಮರುವರ್ಷವೇ."

1961ರ ಅಕ್ಟೋಬರ್ 17ರಂದು ಕರ್ಫ್ಯೂ ವಿರೋಧಿಸಿ ಪ್ಯಾರಿಸಿನಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ನರ ಮೇಲೆ ಪೊಲೀಸರು ಬಿದ್ದರು. ಹಲವರು ಸತ್ತರು, ಕೆಲವರನ್ನು ಸೇನ್ ನದಿಗೇ ಎಸೆದರು. ಹಿಡಿದವರು ಹನ್ನೊಂದು ಸಾವಿರಕ್ಕೂ ಹೆಚ್ಚು. ಅವರಲ್ಲಿ ಆರು ಸಾವಿರಕ್ಕೂ ಮಿಕ್ಕಿದವರನ್ನು ತಂದು ತುಂಬಿದ್ದು ಈ ಗುಮ್ಮಟದ ಕೆಳಗೆ. ತಂದದ್ದು ಆಗಲೂ ಸಿಟಿ ಬಸ್ಸುಗಳಲ್ಲಿ. ಪೊಲೀಸ್ ಮುಖ್ಯಸ್ಥ ಆಗಲೂ ಮೊರೀಸ್ ಪಪೋ. ಯುದ್ಧಕಾಲದಲ್ಲಿ ಬೋರ್ದೋ ಕಡೆಯ ಯಹೂದಿಗಳನ್ನು ಗಡೀಪಾರು ಮಾಡಿಸಿದ್ದಕ್ಕೆ 1998ರಲ್ಲಿ ಶಿಕ್ಷೆಯಾದದ್ದೂ ಇದೇ ಪಪೋಗೆ.

ಬಂಧಿತರನ್ನು ಅಲ್ಲಿ ಬಹಳ ದಿನ ಇಡಲಾಗಲಿಲ್ಲ. ಅಕ್ಟೋಬರ್ 20ರಂದು ಅಮೆರಿಕದ ಗಾಯಕ ರೇ ಚಾರ್ಲ್ಸ್ ಅವರ ಕಛೇರಿ ನಿಗದಿಯಾಗಿತ್ತು, ಟಿಕೆಟುಗಳು ಮಾರಾಟವಾಗಿದ್ದವು. ಬಂಧಿತರನ್ನು ಬೇರೆ ಕಡೆಗೆ ಸಾಗಿಸಿ, ಸಭಾಂಗಣ ತೊಳೆದು ಸಿದ್ಧಪಡಿಸಿದರು. ಕಛೇರಿ ಗೊತ್ತುಮಾಡಿದ ದಿನಕ್ಕೇ ನಡೆಯಿತು.